ಪ್ರಯೋಗಶಾಲೆಯ ಕಿಟಕಿಯಿಂದ: ಹಳೆಯ ದೋಣಿಯ ಹಿಂಬದಿ ಹಲಗೆ

ಜುಬೈಲಿನಲ್ಲಿರುವ ವಾಚಕರೊಬ್ಬರು, ಊರು ಕುಂದಾಪುರದ ಕಡೆ, ನಮಗೊಂದು ಪ್ರಶ್ನೆ ಕಳಿಸಿದ್ದಾರೆ. ನಾಲ್ಕು ಮನೆಯವರು ಸೇರಿ ಹಳೆಯ ಫೈಬರ್‌ಗ್ಲಾಸ್ ದೋಣಿಯೊಂದನ್ನು, ಇಲ್ಲಿಯವರು 'ತರ್ರಾದ್' ಎನ್ನುವ ಜಾತಿಯದು, ಕೊಂಡಿದ್ದಾರಂತೆ. ವೇಗ ಹೆಚ್ಚಿಸಿದರೆ ಎಂಜಿನ್ನು ಹಿಂದೆ ಮುಂದೆ ತೂಗುತ್ತದೆ. ರಿಪೇರಿಯವನು, "ಎರಡೂ ಕಡೆ ಅಲ್ಯೂಮಿನಿಯಂ ತಗಡು ಕೊಟ್ಟು ಬೋಲ್ಟು ಬಿಗಿದರೆ ಸಾಕು" ಎಂದನಂತೆ. ಸಾಕೇ?

ಸಾಲದು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿಯಾದ್ದರಿಂದ ಕೊಂಚ ವಿವರವಾಗಿಯೇ ಬರೆಯುತ್ತೇವೆ.

ಎಂಜಿನ್ನು ತೂಗುಹಾಕಿರುವ ಹಿಂಬದಿ ಗೋಡೆಗೆ ಟ್ರಾನ್ಸಮ್ ಎಂದು ಹೆಸರು. ಹೊರಗೂ ಒಳಗೂ ಗಾಜಿನ ನಾರಿನ ತೆಳು ಪದರ, ನಡುವೆ ಪ್ಲೈವುಡ್. 150 ಎಚ್‌ಪಿ ಎಂಜಿನ್ನು 200 ಕಿಲೋ ದಾಟುತ್ತದೆ. ಭಾರವೊಂದೇ ಅಲ್ಲ, ಕೆಳಗೆ ನೀರಿನಲ್ಲಿ ಪಂಖ ಮುಂದಕ್ಕೆ ನೂಕುವಾಗ ಮೇಲಿನ ಬೋಲ್ಟುಗಳು ಹಿಂದಕ್ಕೆ ಎಳೆಯುತ್ತವೆ, ಸನಿಕೆ ಹಾಕಿ ಮೀಟಿದ ಹಾಗೆ. ಒಳಗಿನ ಮರ ಮೆತ್ತಗಾಗಿದ್ದರೆ ಬೋಲ್ಟು ಬಿಗಿದಷ್ಟೂ ಅದು ಅಮುಕುತ್ತದೆ, ಮತ್ತೆ ಸಡಿಲ. ಒಂದು ದಿನ ದಡದಿಂದ ದೂರದಲ್ಲಿ ಗೋಡೆಯೇ ಕಿತ್ತು ಬಂದರೆ, ನೀರು ನುಗ್ಗುವುದು ಹಿಂದಿನಿಂದ. ರಂಧ್ರ ಕೊರೆದು ರಾಳ ಸುರಿಯುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಒದ್ದೆ ಮರ ರಾಳವನ್ನು ಹೀರುವುದಿಲ್ಲ.

ಈ ಮರಳುಗಾಡಿನಲ್ಲಿ ಮರ ಕೊಳೆಯುವುದುಂಟೇ ಎಂದು ಕೇಳಬಹುದು. ಮರದ ತೇವ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು, ನಿಜ. ಆದರೆ ಗಾಜಿನ ಪದರಗಳ ನಡುವೆ ಸಿಕ್ಕಿಬಿದ್ದ ನೀರು 45 ಡಿಗ್ರಿ ಬಿಸಿಲಿಗೂ ಆರುವುದಿಲ್ಲ. ಇನ್ನೊಂದು ತಮಾಷೆಯಿದೆ: ಉಪ್ಪುನೀರಿಗಿಂತ ಸಿಹಿನೀರು ಮರಕ್ಕೆ ಹೆಚ್ಚು ಕೆಡುಕು. ಸಮುದ್ರದ ನೀರನ್ನು ಅಷ್ಟು ಖರ್ಚಿನಲ್ಲಿ ಸಿಹಿಮಾಡಿ, ಅದರಿಂದಲೇ ವಾರವಾರ ದೋಣಿ ತೊಳೆದು, ಸ್ಕ್ರೂ ತೂತುಗಳ ಮೂಲಕ ಶಿಲೀಂಧ್ರಕ್ಕೆ ಕುಡಿಸುತ್ತೇವೆ!

ಪರೀಕ್ಷೆ ಸುಲಭ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದೊಪ್ಪೆನ್ನುತ್ತದೆ. ಅನುಮಾನವಿದ್ದಲ್ಲಿ ಒಳಗಿನಿಂದ ಮಾತ್ರ 5 ಮಿಲಿಮೀಟರಿನ ತೂತು ಕೊರೆಯಿರಿ. ನೀರು ಬಿಡುವ ಬಿರಡೆಯ ಸುತ್ತ ಮೊದಲು ನೋಡಿ. ಕಪ್ಪಗೆ, ಒದ್ದೆಯಾಗಿ ಹುಡಿ ಬಂದರೆ ಮರ ತೆಗೆಯದೆ ಗತಿಯಿಲ್ಲ.

ಎಂಜಿನ್ನು ಇಳಿಸಿದ ಮೇಲೆ, ಗರಗಸ ಮುಟ್ಟುವ ಮೊದಲು, ದೋಣಿಯ ಅಡಿಗೂ ಪಕ್ಕಗಳಿಗೂ ಒಳ್ಳೆಯ ಊರೆ ಕೊಡಿ. ಹಿಂಗೋಡೆ ಹೋದ ಒಡಲು ಅಗಲಿಕೊಳ್ಳುತ್ತದೆ, ಹಾಗೆಯೇ ಹೊಸ ಹಲಗೆ ಕೂರಿಸಿದರೆ ಸೊಟ್ಟ ದೋಣಿಯೇ ಶಾಶ್ವತ. ಅಗಲ, ಎತ್ತರ, ವಾಲಿರುವ ಕೋನ, ಬೋಲ್ಟಿನ ತೂತುಗಳ ಜಾಗ, ಎಲ್ಲವನ್ನೂ ದಪ್ಪ ಕಾಗದದ ಮೇಲೆ ಗುರುತುಹಾಕಿಡಿ. ಆಮೇಲೆ ಒಳಪದರವನ್ನು ಮಾತ್ರ ಕತ್ತರಿಸಬೇಕು. ಅಂಚಿನಲ್ಲಿ 5-7 ಸೆಂಟಿಮೀಟರ್ ಬಿಡಿ. ಹೊರಪದರ ಹಾಗೇ ಇರಲಿ, ಹೊಸ ಹಲಗೆಗೆ ಅದೇ ಅಚ್ಚು. ಕೊಳೆತ ಮರವನ್ನು ಉಳಿಯಿಂದ ಕೆತ್ತಿ ತೆಗೆಯುವುದು ಬೇಸರದ ಕೆಲಸ. ಕೊಳೆತದ್ದು ಕೈಯಲ್ಲೇ ಬರುತ್ತದೆ. ಕಾಡಿಸುವುದು ಕೊಳೆಯದ ಮೂಲೆಗಳು. ಅವನ್ನೂ ಬಿಡಬೇಡಿ.

ಇನ್ನು ನಮ್ಮ ಶಾಸ್ತ್ರದ ಮಾತು. ಹಳೆಯ ಪಾಲಿಯೆಸ್ಟರ್ ಪದರಕ್ಕೂ ಹೊಸ ರಾಳಕ್ಕೂ ನಡುವೆ ರಾಸಾಯನಿಕ ಬಂಧ ಬಹುಮಟ್ಟಿಗೆ ಆಗದು. ಹಳೆಯದು ಎಂದೋ ಗಟ್ಟಿಯಾಗಿ ಮುಗಿದಿದೆ. ಹಿಡಿತವೆಲ್ಲ ಗೀರುಗಳದ್ದು. ಆದ್ದರಿಂದ ಮೊದಲು ಅಸಿಟೋನಿನಿಂದ ಎಣ್ಣೆ ಜಿಡ್ಡು ಒರೆಸಿ, ಆಮೇಲೆ 36 ಅಥವಾ 40ನೇ ನಂಬರಿನ ಉಜ್ಜುಬಿಲ್ಲೆಯಿಂದ ಉಜ್ಜಿ. ಈ ಕ್ರಮ ತಿರುಗುಮುರುಗಾದರೆ ಜಿಡ್ಡನ್ನು ಗೀರಿನೊಳಗೆ ತುಂಬಿದಂತೆ. ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಿ: ಪದರ 5 ಮಿಲಿಮೀಟರಾದರೆ ಇಳಿಜಾರು 60. ಒರೆಸಿದ ಬಟ್ಟೆ ದೂರವಿರಲಿ. ಅಸಿಟೋನಿನ ಆವಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಜಿನ ಧೂಳಿಗೆ ಮೂಗಿಗೆ ಸುತ್ತಿದ ಗುತ್ರಾ ಸಾಲದು, ಸರಿಯಾದ ಮಾಸ್ಕ್ ಬೇಕು.

ಒಣಗಿದೆಯೋ ಇಲ್ಲವೋ ತಿಳಿಯಲು ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಅವಸರವಿಲ್ಲದಿದ್ದರೆ ಈ ಕೆಲಸಕ್ಕೆ ಚಳಿಗಾಲ ವಾಸಿ. ಸೆಖೆಯಲ್ಲಿ ರಾಳ ಡಬ್ಬದಲ್ಲೇ ಗಟ್ಟಿಯಾಗುತ್ತದೆ. 10 ಡಿಗ್ರಿ ಏರಿದರೆ ಸಿಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ರಾಳ ಬೆರೆಸುವ ವಿಚಾರ ಮುಂದಿನ ಸಂಚಿಕೆಗೆ. ಅಷ್ಟರೊಳಗೆ ಪ್ಲೈವುಡ್ ಹುಡುಕುವುದಾದರೆ ಬಿ.ಎಸ್. 1088 ಮುದ್ರೆಯದನ್ನೇ ಕೇಳಿ. ನಮ್ಮ ದೇಶದ್ದಾದರೆ ಐ.ಎಸ್. 710. ಅಂಗಡಿಗೆ ಹೋಗುವಾಗ ಆ ಅಳತೆಯ ಕಾಗದ ಜೊತೆಯಲ್ಲಿರಲಿ.