ದೇಶದ ಗಾತ್ರ, ಜನರ ಪಾಲು

ಒಟ್ಟು ಉತ್ಪನ್ನದಲ್ಲಿ ನಮ್ಮ ದೇಶವು 2022ರಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿದಾಗ ಸಂಭ್ರಮಪಟ್ಟವರು ಬಹಳ. ಇನ್ನು ಜಪಾನು, ಆಮೇಲೆ ಜರ್ಮನಿ ಎಂದು ಬೆರಳು ಮಡಿಸುತ್ತಿರುವವರೂ ಉಂಟು. ನಮ್ಮನ್ನು ಆಳಿದವರನ್ನು ಮೀರಿದೆವೆಂಬ ಹಿಗ್ಗು ಸಹಜವೇ. ಆದರೆ ಹಿಗ್ಗಿನ ಭರದಲ್ಲಿ ತಕ್ಕಡಿಯನ್ನು ಪರೀಕ್ಷಿಸದೆ ಬಿಡಬಾರದು.

ಪೇಟೆಯ ಯಾವ ವರ್ತಕನೂ ಬಲ್ಲ ಮಾತಿದು: ಅಂಗಡಿಯ ವಹಿವಾಟು ಎಷ್ಟೆಂದು ನೋಡಿದರೆ ಸಾಲದು, ಅದನ್ನು ನಂಬಿ ಉಣ್ಣುವ ಬಾಯಿಗಳೆಷ್ಟೆಂದೂ ನೋಡಬೇಕು. 2023ರಲ್ಲಿ ಜರ್ಮನಿಯ ಉತ್ಪನ್ನ ಸುಮಾರು 4.5 ಲಕ್ಷ ಕೋಟಿ ಡಾಲರು. ನಮ್ಮದು ಸುಮಾರು 3.6 ಲಕ್ಷ ಕೋಟಿ. ಅಲ್ಲಿನ ಜನ ಸುಮಾರು ಎಂಟೂವರೆ ಕೋಟಿ. ಇಲ್ಲಿ 140 ಕೋಟಿಗೂ ಹೆಚ್ಚು. ತಲೆಗೆ ಹಂಚಿದರೆ ಅವರ ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ ನಮ್ಮದು!

ಈ ಸ್ಥಾನಗಳಾದರೂ ಸ್ಥಿರವೇ? ಅದೇ ವರ್ಷ ಜಪಾನು ಜರ್ಮನಿಗಿಂತ ಕೆಳಗಿಳಿಯಿತು. ಅಲ್ಲಿನ ಕಾರ್ಖಾನೆಗಳು ಮುಚ್ಚಿಹೋಗಿರಲಿಲ್ಲ. ಮುಖ್ಯವಾಗಿ ಯೆನ್ ನಾಣ್ಯದ ಡಾಲರು ಬೆಲೆ ಕುಸಿದಿತ್ತು, ಅಷ್ಟೇ.

ಬೆಳವಣಿಗೆಯ ವೇಗ ಮುಖ್ಯವಲ್ಲವೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ನೂರಕ್ಕೆ ಏಳರಂತೆ ಬೆಳೆದರೆ ಉತ್ಪನ್ನ ಹತ್ತು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಮೂರೂವರೆಯಂತಾದರೆ ಇಪ್ಪತ್ತು ವರ್ಷ ಕಾಯಬೇಕು. 1990ರಲ್ಲಿ ತಲಾ ಆದಾಯದಲ್ಲಿ ನಾವೂ ಚೀನವೂ ಹೆಚ್ಚುಕಡಿಮೆ ಸಮ. 2023ರ ಹೊತ್ತಿಗೆ ಅವರದು ನಮ್ಮದರ ಐದು ಪಟ್ಟು. ಸ್ವತಂತ್ರ ಕಾರ್ಮಿಕ ಸಂಘಕ್ಕೆ ಎಡೆಯಿಲ್ಲದ ಅಲ್ಲಿನ ಆಳ್ವಿಕೆಯನ್ನು ನಾವು ಮೆಚ್ಚಲಾರೆವು. ಆದರೆ 1978ರ ಸುಧಾರಣೆಗೆ ಮೊದಲೇ ಅವರು ಹಳ್ಳಿಗಳಿಗೆ ಶಾಲೆಯನ್ನೂ ವೈದ್ಯವನ್ನೂ ಮುಟ್ಟಿಸಿದ್ದರು. ಬಳಿಕ ಕೋಟ್ಯಂತರ ಜನಕ್ಕೆ ಕಾರ್ಖಾನೆಯಲ್ಲಿ ಕೆಲಸ ದೊರೆಯಿತು. ನಮ್ಮಲ್ಲಿ ದುಡಿಯುವವರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಇನ್ನೂ ಬೇಸಾಯವನ್ನೇ ನಂಬಿದ್ದಾರೆ.

ತಲಾ ಆದಾಯವೂ ಸರಾಸರಿಯೇ. 1963ರಲ್ಲಿ ಸರಕಾರದ ಕಡೆಯವರು ದಿನದ ಸರಾಸರಿ 15 ಆಣೆ ಎಂದಾಗ, ಬಹುಜನರು 3 ಆಣೆಯಲ್ಲಿ ಬದುಕುತ್ತಿದ್ದಾರೆಂದು ಲೋಕಸಭೆಯಲ್ಲಿ ವಾದಿಸಿದವರು ಡಾ. ರಾಮಮನೋಹರ ಲೋಹಿಯಾ. ಆಣೆ ಹೋಯಿತು, ಪ್ರಶ್ನೆ ಉಳಿಯಿತು. ಸರಾಸರಿಯೊಳಗೆ ಬಂಗಲೆಯೂ ಇರುತ್ತದೆ, ಗುಡಿಸಲೂ ಇರುತ್ತದೆ.

ದೇಶ ಬೆಳೆಯಲಿ, ಬೇಗನೆ ಬೆಳೆಯಲಿ. ಆದರೆ ಯಾರಾದರೂ ವೇದಿಕೆಯ ಮೇಲಿಂದ ನಾವು ಎಷ್ಟನೆಯವರೆಂದು ಸಾರಿದಾಗ ಎರಡು ಪ್ರಶ್ನೆ ಕೇಳಿರಿ: ಗಿರಣಿಯಲ್ಲಿ ದುಡಿಯುವವನ ಕೂಲಿ ಬೆಲೆಗಳಿಗಿಂತ ಹೆಚ್ಚಾಗಿ ಏರಿದೆಯೇ? ಸಣ್ಣ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಎಷ್ಟು ಬಿದ್ದಿದೆ? ಉತ್ತರ ಕೊಡುವ ಹೊಣೆ ಮತ ಕೇಳಲು ಬರುವವರದು.