ದಮ್ಮು ಬಂದರೆ ಹವೆಯನ್ನೇ ಬೈಯಬೇಕೆ?

ಪುಣೆಯಲ್ಲಿ ಯಾರಿಗಾದರೂ ದಮ್ಮು ಶುರುವಾಯಿತೆನ್ನಿ, ಬೈಗುಳ ಮೊದಲು ಹವೆಗೆ, ಆಮೇಲೆ ಗಾಜರ್ ಗವತಕ್ಕೆ. ಅದೇ, ನಮ್ಮ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಅದು ಸುದ್ದಿಯಾದದ್ದೂ ಈ ಊರಿನಿಂದಲೇ, ಹಾಗಾಗಿ ಅನುಮಾನ ಸಹಜ. ಆದರೆ ದಿನಕ್ಕೆ ಎಂಟು ತಾಸು ದುಡಿಯುವ ಜಾಗದ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ!

ಭೋಸರಿ, ಚಾಕಣ ಕಡೆ ಗಾಡಿಗಳಿಗೆ ಸ್ಪ್ರೇ ಪೇಂಟ್ ಹೊಡೆಯುವವರನ್ನು ನೋಡಿ. ಆ ಬಣ್ಣಕ್ಕೆ ಬೆರೆಸುವ ಹಾರ್ಡನರ್‌ನಲ್ಲಿ ಹೆಚ್ಚಾಗಿ ಐಸೊಸಯನೇಟ್ ಇರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ್ದೂ ಇದೇ ಕುಲದ ಅನಿಲ. ಬೇಕರಿಯವರಿಗಾದರೆ ಹಿಟ್ಟಿನ ಧೂಳೇ ಸಾಕು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಆಗದೆ ಆಮೇಲೆ ಶುರುವಾಗಬಹುದು. ಅದೂ ಕೆಲವೊಮ್ಮೆ ಮನೆಗೆ ಬಂದ ಮೇಲೆ, ರಾತ್ರಿ. ಹೀಗಾಗಿ ಕೆಲಸದ ನೆನಪೇ ಬರುವುದಿಲ್ಲ.

ನಾನು ಬಿಕಾಂ ಓದಿದವನು, ಡಾಕ್ಟರಲ್ಲ. ಆದರೂ ಇದರಲ್ಲಿ ಲೆಕ್ಕವಿದೆ. ರಜೆಗೆ ಊರಿಗೆ ಹೋದಾಗ ಉಸಿರು ಹಗುರಾಗಿ, ಕೆಲಸಕ್ಕೆ ಮರಳಿದ ಮೇಲೆ ಮತ್ತೆ ಬಿಗಿಯುತ್ತದೆಯೇ? ಅದನ್ನು ಡಾಕ್ಟರಿಗೆ ಹೇಳಲೇಬೇಕು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನವನ್ನು ದಿನಕ್ಕೆ ನಾಲ್ಕು ಸಲ ಊದಿ, ಕೆಲಸದ ದಿನ, ರಜೆಯ ದಿನ ಎರಡನ್ನೂ ಮೂರ್ನಾಲ್ಕು ವಾರ ಬರೆದಿಟ್ಟರೆ ಪಾಸ್‌ಬುಕ್ಕಿನ ಹಾಗೆ ಏರಿಳಿತ ಕಾಣುತ್ತದೆ.

ಸಾಲದ ಕಂತಿಗೆ ಹೆದರಿ ಸುಮ್ಮನಿರುವವರಿಗೆ ಒಂದು ಮಾತು. ಬೇಗ ಗುರುತಿಸಿ ಆ ವಸ್ತುವಿನಿಂದ ದೂರವಾದರೆ ವಾಸಿಯಾಗುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ, ತೀರಿಸಬೇಕಾದ್ದು ಶ್ವಾಸಕೋಶ. ಮಾಲೀಕರೂ ಅಂಥವರಿಗೆ ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕು. ಡಾಕ್ಟರ ಮೊದಲ ಪ್ರಶ್ನೆಯೇ "ಏನು ಕೆಲಸ ಮಾಡ್ತೀರಿ?" ಅಂತ ಇರಬೇಕು. ಅವರು ಕೇಳದಿದ್ದರೆ ನಾವೇ ಹೇಳೋಣ... ಏನಂತೀರಿ?