ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ಹಿಮ ಬೀಳುವ ದೇಶಗಳಿಗೆ ಹೋಗಿ ನೆಲೆಸಿದ ನಮ್ಮವರ ನಡುವೆ ಹೊಸದೊಂದು ಮೂಢನಂಬಿಕೆ ಹುಟ್ಟಿಕೊಂಡಿದೆ. ಬೆಕ್ಕು ಅಡ್ಡ ಬಂತೆಂದರೆ ನಗುವ, ರಾಹುಕಾಲ ಎಂದರೆ ಮುಖ ಸಿಂಡರಿಸುವ ಇಂಜಿನಿಯರುಗಳೇ ಇದನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಕಾರಿನ ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಶಕ್ತಿ ಹೋಗುವಂತಿದ್ದರೆ ಸಾಕು, ಚಳಿಗಾಲದಲ್ಲಿ ಇನ್ನು ಯಾವ ಭಯವೂ ಇಲ್ಲ ಎಂಬುದೇ ಆ ನಂಬಿಕೆ. ಅದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಿದೆ: ಅಂಥ ಕಾರು ಮನೆಯಲ್ಲಿದ್ದರೂ ಹಿಮದ ದಿನ ಅದನ್ನು ಹೆಂಗಸರು ಮುಟ್ಟಬಾರದು. ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಪೂರ್ತಿ ಸುಳ್ಳು. ಎರಡೂ ಸೇರಿ ನಮ್ಮ ಹೆಣ್ಣುಮಕ್ಕಳನ್ನು ವರ್ಷದಲ್ಲಿ ಐದು ತಿಂಗಳು ಮನೆಯೊಳಗೆ ಕೂಡಿಹಾಕುತ್ತಿವೆ.

ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಹೇಳುವ ಇವಳಿಗೆ ಕಾರಿನ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಕೂಡಿಟ್ಟ ರಜೆಯನ್ನೆಲ್ಲ ಸೇರಿಸಿಕೊಂಡು ಮಗಳ ಬಾಣಂತನಕ್ಕೆಂದು ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಒಂದು ಇಡೀ ಚಳಿಗಾಲ ಕಳೆದು ಬಂದವಳು ನಾನು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 14-15 ಡಿಗ್ರಿ ಕೆಳಗಿರುವುದು ಮಾಮೂಲು. ವರ್ಷಕ್ಕೆ ಬೀಳುವ ಹಿಮವನ್ನು ಒಟ್ಟಿದರೆ ಎರಡು ಮೀಟರಿನ ಆಸುಪಾಸು. ಅಂಥ ಊರಿನಲ್ಲಿ ಕಾರು ಎಂಬುದು ಷೋಕಿಯ ಮಾತಲ್ಲ. ಮಗುವಿನ ಚುಚ್ಚುಮದ್ದಿಗೆ, ಹಾಲಿಗೆ, ಔಷಧಕ್ಕೆ, ಕೆಲಸಕ್ಕೆ ಅದೇ ಕಾಲು. ಕಾರಿನ ಕೀಲಿಕೈ ಯಾರ ಕೈಯಲ್ಲಿದೆ ಎಂಬುದರ ಮೇಲೆ ಆ ಮನೆಯಲ್ಲಿ ಯಾರು ಸ್ವತಂತ್ರರು ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಇದು ನಮ್ಮ ವಿಷಯವೇ.

ಮೊದಲು ವಾಹನಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಿಬಿಡೋಣ. ಇವರು ಕ್ರಾಸೋವರ್ ಎಂದು ಕರೆಯುವುದು ಜೀಪಿನಂತೆ ಎತ್ತರಕ್ಕೆ ನಿಂತ, ಆದರೆ ಮೈಯೆಲ್ಲ ಸಾಧಾರಣ ಕಾರಿನದೇ ಆದ ಗಾಡಿಯನ್ನು. ಹಳೆಯ ಜೀಪಿಗೆ ಲಾರಿಯಂತೆ ಕೆಳಗೊಂದು ಚೌಕಟ್ಟು ಬೇರೆ, ಮೇಲೆ ಕೂರಿಸಿದ ಮೈ ಬೇರೆ. ಇದರಲ್ಲಿ ಎರಡೂ ಒಂದೇ. 1994ರಲ್ಲಿ ಟೊಯೋಟದ ರಾವ್4, 1995ರಲ್ಲಿ ಹೋಂಡಾದ ಸಿಆರ್-ವಿ, 1997ರಲ್ಲಿ ಸುಬಾರುವಿನ ಫಾರೆಸ್ಟರ್ ಹೀಗೆ ಒಂದರ ಹಿಂದೆ ಒಂದು ಬಂದು ಈ ಜಾತಿ ಬೆಳೆಯಿತು. ಕೆಲವು ಗಾಡಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುತ್ತಿರುತ್ತದೆ. ಇನ್ನು ಕೆಲವಲ್ಲಿ ಎಂದಿನಂತೆ ಮುಂದಿನ ಎರಡೇ ದುಡಿಯುತ್ತವೆ, ಅವು ಜಾರತೊಡಗಿದವೆಂದು ಗೊತ್ತಾದ ಕೂಡಲೇ ಯಂತ್ರವೇ ಹಿಂದಿನ ಎರಡನ್ನೂ ಕೆಲಸಕ್ಕೆ ಕರೆಯುತ್ತದೆ. ರಾತ್ರಿ ಬಿದ್ದ ಹಿಮದಲ್ಲಿ ಹೂತ ಕಾರನ್ನು ಬೆಳಿಗ್ಗೆ ಹೊರಕ್ಕೆ ತೆಗೆಯಲು, ನೇಗಿಲು ಲಾರಿ ರಸ್ತೆ ಬಳಿದುಕೊಂಡು ಹೋಗುವಾಗ ಮನೆಬಾಗಿಲಿಗೆ ಒಟ್ಟಿಹೋದ ಹಿಮದ ದಿಣ್ಣೆಯನ್ನು ದಾಟಲು, ಏರುದಾರಿಯಲ್ಲಿ ನಿಂತಲ್ಲಿಂದ ಹೊರಡಲು ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಅಕ್ಕಪಕ್ಕದವರ ಕಾರುಗಳು ನಿಂತಲ್ಲೇ ಚಕ್ರ ತಿರುಗಿಸುತ್ತ ಗೊರಗುಟ್ಟುವಾಗ ಮಗಳ ಮನೆಯ ಕಾರು ಸದ್ದಿಲ್ಲದೆ ಹೊರಟುಬಿಡುವುದನ್ನು ನಾನೇ ಕಿಟಕಿಯಿಂದ ನೋಡಿ ಮೆಚ್ಚಿದ್ದೇನೆ.

ಆದರೆ ಇಷ್ಟೂ ಹೊರಡುವ ಮಾತಾಯಿತು. ನಿಲ್ಲುವ ಮಾತು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ. ರಸ್ತೆಯ ಮೇಲಿನ ಯಾವ ಕಾರಿಗೇ ಆಗಲಿ, ಬ್ರೇಕು ಇರುವುದು ನಾಲ್ಕೂ ಚಕ್ರಗಳಿಗೆ. ಅಗ್ಗದ ಪುಟ್ಟ ಕಾರಿಗೂ ಅಷ್ಟೇ, ನಲವತ್ತು ಸಾವಿರ ಡಾಲರಿನ ಗಾಡಿಗೂ ಅಷ್ಟೇ. ಇಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚಿದರೇನು, ನಾಲ್ಕಕ್ಕೆ ಹಂಚಿದರೇನು, ಬ್ರೇಕು ಒತ್ತಿದಾಗ ಇಂಜಿನ್ನಿಗೆ ಅಲ್ಲಿ ಕೆಲಸವಿಲ್ಲ. ಆಗ ಕಾರನ್ನು ಹಿಡಿದು ನಿಲ್ಲಿಸುವುದು ರಸ್ತೆಗೆ ತಾಗಿರುವ ನಾಲ್ಕು ಅಂಗೈಯಗಲದ ರಬ್ಬರು ಮಾತ್ರ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು, ಬ್ರೇಕು ಒತ್ತಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 14 ಮೀಟರಿಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ತುಳಿದು ಗಟ್ಟಿಯಾದ ಹಿಮದಲ್ಲಿ ಅದಕ್ಕೆ 40 ಮೀಟರಿನಷ್ಟು ಬೇಕು. ನುಣ್ಣನೆಯ ಮಂಜುಗಡ್ಡೆಯಾದರೆ 100 ಮೀಟರಿನ ಹತ್ತಿರ. ನಮ್ಮ ಶಾಲೆಯ ಕ್ರೀಡಾದಿನದ ಓಟದ ಪಟ್ಟಿಯಷ್ಟು ಉದ್ದ! ನಿಮ್ಮ ಮುಂದೆ ಒಬ್ಬ ಮುದುಕಿ ರಸ್ತೆ ದಾಟುತ್ತಿದ್ದರೆ ಅವಳು ಆ ಪಟ್ಟಿಯ ತುದಿಯಲ್ಲೇ ನಿಂತಿರುತ್ತಾಳೆಂದು ಹೇಳುವವರು ಯಾರು?

ಈ ಲೆಕ್ಕವನ್ನು ಸ್ವಲ್ಪವಾದರೂ ಬದಲಿಸಬಲ್ಲದ್ದು ಟೈರು. ಸಾಧಾರಣ ಟೈರಿನ ರಬ್ಬರು ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದಂತೆ ಬಿರುಸಾಗತೊಡಗುತ್ತದೆ. ಫ್ರಿಜ್ಜಿನಿಂದ ತೆಗೆದ ಚಪಾತಿ ಹಿಟ್ಟನ್ನು ನೆನೆಸಿಕೊಳ್ಳಿ, ಅದನ್ನು ಆಗಲೇ ಒತ್ತಲು ಹೋದರೆ ಮಣೆಗೆ ಹಿಡಿಯುವುದಿಲ್ಲ. ಚಳಿಗಾಲದ ಟೈರಿನ ರಬ್ಬರು ಬೇರೆ ಹದದ್ದು, ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಮೈಮೇಲೆ ನೂರಾರು ಸಣ್ಣ ಸೀಳುಗಳಿದ್ದು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಅದನ್ನು ಗುರುತಿಸುವುದೂ ಸುಲಭ: ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಇಷ್ಟು ಚಿತ್ರ ಇರುತ್ತದೆ. ಇಂಗ್ಲಿಷು ಬಾರದ ನನ್ನ ವಾರಗೆಯ ಅಜ್ಜಿಯರೂ ಓದಬಹುದಾದ ಅಕ್ಷರವದು.

ಒಟ್ಟಾವಾ ಊರು ಹೊಳೆಯ ದಂಡೆಯ ಮೇಲಿದೆ. ಈಚೆ ದಂಡೆ ಒಂಟಾರಿಯೋ ಪ್ರಾಂತ್ಯ, ಸೇತುವೆ ದಾಟಿದರೆ ಕ್ವಿಬೆಕ್ ಪ್ರಾಂತ್ಯ. ಅದೇ ಹಿಮ, ಅದೇ ಗಾಳಿ. ಆದರೆ ಆಚೆ ದಂಡೆಯಲ್ಲಿ ನೋಂದಾಯಿಸಿದ ಕಾರುಗಳಿಗೆ 2008ರಿಂದ ಚಳಿಗಾಲದ ಟೈರು ಕಡ್ಡಾಯ. ಮೊದಲು ಡಿಸೆಂಬರ್ 15ರಿಂದ ಎಂದಿದ್ದುದನ್ನು 2019ರಿಂದ ಡಿಸೆಂಬರ್ 1ಕ್ಕೆ ತಂದರು. ಮಾರ್ಚ್ 15ರವರೆಗೆ ತೆಗೆಯುವಂತಿಲ್ಲ, ತಪ್ಪಿದರೆ ದಂಡ. ನಾಲ್ಕು ಚಕ್ರ ಎಳೆಯುವ ಕಾರಿಗೆ ಆ ಕಾನೂನಿನಲ್ಲಿ ವಿನಾಯಿತಿ ಇಲ್ಲ, ಇದನ್ನು ಗಮನಿಸಿ. ಈಚೆ ದಂಡೆಯಲ್ಲಿ ಕಡ್ಡಾಯವೇನಿಲ್ಲ, ಅಂಥ ಟೈರು ಹಾಕಿಸಿದವರಿಗೆ ವಿಮೆ ಕಂಪನಿಗಳು ರಿಯಾಯಿತಿ ಕೊಡಬೇಕೆಂಬ ನಿಯಮ ಮಾತ್ರ 2016ರಿಂದ ಇದೆ. ಸರ್ಕಾರ ಕಡ್ಡಾಯ ಮಾಡದ ಕಡೆ ಬುದ್ಧಿ ಕಡ್ಡಾಯವಾಗಬೇಕು. ಅಲ್ಲೇ ಅಂಗಡಿಯವನು ಕೈ ಚಾಚುವುದು.

ಮಗಳ ಮನೆಯವರು ಕಾರು ಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ. ಮಾರುವವನು ಅರ್ಧ ಗಂಟೆ ಮಾತಾಡಿದ, ಅಷ್ಟನ್ನೂ ಅಳಿಯಂದಿರ ಮುಖ ನೋಡಿಯೇ ಆಡಿದ. ಮಗಳು "ಚಳಿಗಾಲದ ಟೈರಿಗೆ ಎಷ್ಟಾಗುತ್ತೆ?" ಎಂದು ಕೇಳಿದಳು. ಉತ್ತರ ಮತ್ತೆ ಅವರಿಗೇ: ಇದು ನಾಲ್ಕು ಚಕ್ರದ್ದು, ಎಲ್ಲ ಕಾಲಕ್ಕೂ ಆಗುವ ಟೈರು ಇದೆ, ಬೇರೆ ಬೇಕಿಲ್ಲ. ನಾಲ್ಕು ಚಕ್ರದ ಏರ್ಪಾಡಿಗೆ ಎರಡು ಮೂರು ಸಾವಿರ ಡಾಲರು ಹೆಚ್ಚಿಗೆ ತೆಗೆದುಕೊಂಡವನು, ಅದರ ಅರ್ಧ ಬೆಲೆಗೆ ಬರುವ ಟೈರನ್ನು ಬೇಡವೆನ್ನಿಸಿದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಹೇಳಿದ್ದು ಈ ಗಾಡಿಯನ್ನು ನೋಡಿಯೇ ಇರಬೇಕು.

ಡಿಸೆಂಬರಿನ ಒಂದು ಸಂಜೆ ಮಗುವನ್ನು ವೈದ್ಯರಿಗೆ ತೋರಿಸಿ ಬರುತ್ತಿದ್ದೆವು. ಇಳಿಜಾರು, ಕೆಳಗೆ ನಾಲ್ಕು ರಸ್ತೆ ಕೂಡುವ ಕಡೆ ನಿಲ್ಲಬೇಕೆಂಬ ಕೆಂಪು ಫಲಕ. ಬ್ರೇಕು ಒತ್ತಿದ್ದೂ ಆಯಿತು, ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿದ್ದೂ ಆಯಿತು, ಕಾರು ಮಾತ್ರ ಅವಸರವಿಲ್ಲದೆ, ಮದುವಣಗಿತ್ತಿಯ ಹಾಗೆ ಜಾರಿಕೊಂಡು ಹೋಗಿ ಕೂಡುರಸ್ತೆಯ ನಟ್ಟನಡುವೆ ನಿಂತಿತು. ಆ ಕ್ಷಣಕ್ಕೆ ಅಡ್ಡರಸ್ತೆಯಲ್ಲಿ ಯಾರೂ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದೂವರೆ ತಿಂಗಳ ಕೂಸು ಮಲಗಿತ್ತು. ಓಡಿಸುತ್ತಿದ್ದವರು ಗಂಡಸರು ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಮನೆಗೆ ಬಂದು ಕಾಫಿ ಕುಡಿದ ಮೇಲೆ ಆ ಗಂಡಸರು ಕೊಟ್ಟ ತೀರ್ಪು ಏನು ಗೊತ್ತೇ? "ಇನ್ನು ಮೇಲೆ ಹಿಮದಲ್ಲಿ ನೀನು ಕಾರು ತೆಗೀಬೇಡ."

ಜಾರಿದವರು ಒಬ್ಬರು, ಕೀಲಿಕೈ ಕಳೆದುಕೊಂಡವಳು ಇನ್ನೊಬ್ಬಳು. ನಮ್ಮ ಅಳಿಯಂದಿರು ಕೆಟ್ಟವರಲ್ಲ, ಬೆಳಿಗ್ಗೆ ಪಾತ್ರೆ ತೊಳೆದಿಟ್ಟು ಕೆಲಸಕ್ಕೆ ಹೋಗುವವರು. ಅವರಂಥವರ ಬಾಯಲ್ಲೂ ಈ ಮಾತು ಯೋಚನೆಯಿಲ್ಲದೆ ಬರುತ್ತದಲ್ಲ, ನನ್ನ ಜಗಳ ಅದರೊಂದಿಗೆ. ಅಲ್ಲಿನ ಕನ್ನಡದ ಮನೆಗಳಲ್ಲಿ ವಿಚಾರಿಸಿದೆ. ಲೈಸೆನ್ಸು ಇಲ್ಲದ ಹೆಂಗಸು ಅಪರೂಪ. ಒಂಟಾರಿಯೋದಲ್ಲಿ 1994ರಿಂದ ಹಂತಹಂತದ ಪರೀಕ್ಷೆ, ಒಂದು ಲಿಖಿತ, ಎರಡು ರಸ್ತೆಯಲ್ಲಿ. ಅವನ್ನೆಲ್ಲ ಮುಗಿಸಿದವರೇ ನವೆಂಬರ್ ಬಂತೆಂದರೆ ಪಕ್ಕದ ಸೀಟಿಗೆ ಸರಿಯುತ್ತಾರೆ. "ಯಾಕಮ್ಮ?" ಎಂದರೆ "ಇವರು ಬೇಡ ಅಂತಾರೆ ಆಂಟಿ, ನನ್ನ ಸೇಫ್ಟಿಗೇ ಹೇಳೋದು." ಐದು ತಿಂಗಳು ಓಡಿಸದವಳ ಕೈ ಮೊಂಡಾಗದೆ ಇರುತ್ತದೆಯೇ? ಮಾರನೆಯ ವರ್ಷ ಆ ಮೊಂಡುತನವನ್ನೇ ತೋರಿಸಿ ಮತ್ತೆ ಬೇಡವೆನ್ನುತ್ತಾರೆ. ಕುಣಿಯಲು ಬಾರದವಳು ನೆಲ ಡೊಂಕೆಂದಳು ಎಂಬ ಗಾದೆ ಇಲ್ಲಿ ನಡೆಯದು. ಇಲ್ಲಿ ನೆಲ ನಿಜವಾಗಿಯೂ ಜಾರುತ್ತದೆ, ಕುಣಿಯಲು ಬಿಡದವರೇ ಕುಣಿಯಲು ಬಾರದೆನ್ನುತ್ತಿದ್ದಾರೆ.

ಹೆಂಗಸರಿಗೂ ಚಳಿಗಾಲದ ವಾಹನಕ್ಕೂ ಸಂಬಂಧವೇ ಇಲ್ಲವೆನ್ನುವವರಿಗೆ ಒಂದು ಇತಿಹಾಸದ ಪಾಠ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬಾಕೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಳು. ಹಿಮಮಳೆಯಲ್ಲಿ ಮುಂದಿನ ದಾರಿ ಕಾಣದೆ ಟ್ರಾಮಿನ ಚಾಲಕ ಒದ್ದಾಡುವುದನ್ನು ಕಂಡಳು. ಒಳಗೆ ಕೂತೇ ಹಿಡಿಕೆಯಿಂದ ಗಾಜನ್ನು ಒರೆಸುವ ಸಾಧನವನ್ನು ಯೋಚಿಸಿ 1903ರಲ್ಲಿ ಪೇಟೆಂಟು ಪಡೆದಳು. ಕೆನಡಾದ ಒಂದು ಸಂಸ್ಥೆಗೆ ಮಾರಹೋದರೆ, ಇದಕ್ಕೆ ವ್ಯಾಪಾರದ ಬೆಲೆಯಿಲ್ಲವೆಂದು ಹಿಂದಿರುಗಿಸಿದರು. ಪೇಟೆಂಟಿನ ಅವಧಿ ಮುಗಿದ ಮೇಲೆ ಕಾರುಗಳಿಗೆಲ್ಲ ವೈಪರು ಬಂತು, ಅವಳಿಗೆ ಬಿಡಿಗಾಸೂ ಬರಲಿಲ್ಲ. ಇಂದು ಹಿಮದಲ್ಲಿ ಕಾರು ತೆಗೆಯುವ ಪ್ರತಿಯೊಬ್ಬ ಗಂಡಸೂ ಒಬ್ಬ ಹೆಂಗಸಿನ ಬುದ್ಧಿಯಿಂದ ದಾರಿ ಕಾಣುತ್ತಿದ್ದಾನೆ. ಇನ್ನೊಂದು ಮಾತು. 1990ರ ದಶಕದಲ್ಲಿ ಸುಬಾರು ಕಂಪನಿ ತನ್ನ ನಾಲ್ಕು ಚಕ್ರದ ಕಾರುಗಳನ್ನು ಅಮೆರಿಕದಲ್ಲಿ ಯಾರು ಕೊಳ್ಳುತ್ತಿದ್ದಾರೆಂದು ಹುಡುಕಿದಾಗ ಮುಂಚೂಣಿಯಲ್ಲಿ ಸಿಕ್ಕವರು ಪಾಠ ಹೇಳುವವರು, ಆಸ್ಪತ್ರೆಗಳಲ್ಲಿ ದುಡಿಯುವವರು. ಹಿಮ ಬಿತ್ತೆಂದು ಮನೆಯಲ್ಲಿ ಕೂರಲಾಗದ ಕೆಲಸಗಳಿವು. ಅವುಗಳಲ್ಲಿ ಹೆಂಗಸರೇ ಹೆಚ್ಚೆಂದು ನಿಮಗೆ ನಾನು ಹೇಳಬೇಕಿಲ್ಲ.

"ಹಾಗಾದರೆ ಅಪಾಯವಿಲ್ಲವೇ?" ಎಂದು ಕೇಳುತ್ತಾರೆ. ಇದೆ. ಅಪಾಯಕ್ಕೆ ಮದ್ದು ಕಲಿಕೆ. ಬೀಗ ಮದ್ದಲ್ಲ. ಕಲಿಯಬೇಕಾದ್ದು ಬಹಳವೇನೂ ಇಲ್ಲ. ಟೈರು ಹಾಕಿಸುವಾಗ ನಾಲ್ಕನ್ನೂ ಹಾಕಿಸಬೇಕು. ನಾಲ್ಕು ಚಕ್ರದ ಗಾಡಿಯಲ್ಲಂತೂ ಒಂದು ಸವೆದದ್ದು, ಒಂದು ಹೊಸದು ಇದ್ದರೆ ಒಳಗಿನ ಜೋಡಣೆಯೇ ಕೆಡುತ್ತದೆ. ಹೊರಡುವ ಮುನ್ನ ಗಾಜಿನ ಮೇಲಿನದಷ್ಟೇ ಸಾಲದು, ಮಾಡಿನ ಮೇಲಿನ ಹಿಮವನ್ನೂ ಕೆಡವಬೇಕು. ಹೊಗೆಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿದ್ದರೆ ಬಿಡಿಸದೆ ಇಂಜಿನ್ನು ಚಾಲೂ ಮಾಡಬಾರದು, ವಿಷದ ಗಾಳಿ ಒಳಗೆ ತುಂಬುತ್ತದೆ. ಇಂಧನ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯಬಾರದು. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಸ್ವಲ್ಪ ಮರಳು ಇರಬೇಕು. ರಸ್ತೆಗೆ ಸುರಿಯುವ ಉಪ್ಪು ತೀರಾ ಕೊರೆಯುವ ಚಳಿಯಲ್ಲಿ ಹಿಮ ಕರಗಿಸದು, ಕಾರಿನ ತಳವನ್ನಂತೂ ತಿಂದೇ ತಿನ್ನುತ್ತದೆ, ಆಗಾಗ ತೊಳೆಸಬೇಕು. ಮುಂದಿನ ಕಾರಿಗೂ ನಮಗೂ ನಡುವಿನ ಅಂತರ ಬೇಸಿಗೆಯದರ ಎರಡು ಮೂರು ಪಟ್ಟು ಇರಬೇಕು. ಮನೆ ನಡೆಸುವ ಹೆಂಗಸಿಗೆ ಇದರಲ್ಲಿ ಯಾವುದು ತಲೆಗೆ ಮೀರಿದ್ದು? ಅಡುಗೆಮನೆಯ ಗ್ಯಾಸು, ಕುಕ್ಕರು, ಕೊತಕೊತ ಕುದಿಯುವ ಎಣ್ಣೆಯ ನಡುವೆ ಮಗುವನ್ನೂ ಎತ್ತಿಕೊಂಡು ಓಡಾಡುವವಳಿಗೆ?

ಮಗಳು ಆ ತೀರ್ಪನ್ನು ಒಪ್ಪಲಿಲ್ಲ. ಅದೇ ವಾರ ನಾಲ್ಕು ಟೈರು ಬಂದವು, ಅವಳ ಸ್ವಂತ ದುಡ್ಡಿನಲ್ಲಿ. ಭಾನುವಾರ ಬೆಳಿಗ್ಗೆ ಹತ್ತಿರದ ಶಾಲೆಯೊಂದರ ಖಾಲಿ ನಿಲುಗಡೆ ಜಾಗಕ್ಕೆ ಕಾರು ಒಯ್ದು, ಬೇಕೆಂದೇ ಜೋರಾಗಿ ಬ್ರೇಕು ಒತ್ತಿ, ಪೆಡಲು ನಡುಗಿದರೆ ಕಾಲು ತೆಗೆಯಬಾರದೆಂಬುದನ್ನು, ಜಾರಿದ ಕಾರನ್ನು ತಿರುಗಿಸಿ ಹಿಡಿಯುವುದನ್ನು ಕಲಿತಳು. ಪಕ್ಕದ ಸೀಟಿನಲ್ಲಿ ಅಳಿಯಂದಿರು ಕೂತಿದ್ದರು. ಆಮೇಲೆ ತಾವೂ ಕಲಿತರು. ಜನವರಿ, ಫೆಬ್ರವರಿಯ ಚುಚ್ಚುಮದ್ದುಗಳಿಗೆಲ್ಲ ನಾನು, ಮೊಮ್ಮಗಳು ಅವಳು ಓಡಿಸಿದ ಕಾರಿನಲ್ಲೇ ಹೋಗಿಬಂದೆವು.

ನಮ್ಮೂರುಗಳಲ್ಲಿ ಹಿಮ ಬೀಳುವುದಿಲ್ಲ, ಆದರೆ ಆ ಮೂಢನಂಬಿಕೆ ಇಲ್ಲೂ ಇದೆ. ನಮ್ಮ ಬೀದಿಗಳಲ್ಲಿ ಜೀಪಿನಂತೆ ಎದೆಯುಬ್ಬಿಸಿ ನಿಂತ ಗಾಡಿಗಳಲ್ಲಿ ಬಹುಪಾಲಿನವಕ್ಕೆ ಎಳೆಯುವುದು ಎರಡೇ ಚಕ್ರ, ಕೊಂಡವರಲ್ಲಿ ಎಷ್ಟೋ ಮಂದಿಗೆ ಅದೂ ಗೊತ್ತಿಲ್ಲ. ಮಲೆನಾಡಿನ ಮಳೆಗಾಲದ ಕೆಸರಿನಲ್ಲಿ ತೋಟದ ಜೀಪಿಗೆ ನಾಲ್ಕೂ ಚಕ್ರ ಬೇಕು, ಸರಿ. ಪೇಟೆಯಲ್ಲಿ ಸವೆದ ಟೈರಿನ ಮೇಲೆ ಆ ಎತ್ತರವನ್ನು ನಂಬಿ ಮಳೆಯಲ್ಲಿ ಧಾವಿಸುವವರಿಗೆ ಏನು ಹೇಳುವುದು? ಇಲ್ಲೂ ಹೆಂಡತಿಗೆ ಸ್ಕೂಟಿ, ಗಂಡನಿಗೆ ಗಾಡಿ. ಮಳೆ ಬಂದ ದಿನ ನೆನೆಯುವವಳು ಯಾರೆಂದು ನೋಡಿಕೊಳ್ಳಿ.

ಪರದೇಶದ ಮಗಳಿಗೆ, ಸೊಸೆಗೆ ಹಪ್ಪಳ, ಸಂಡಿಗೆ, ಮೆಂತ್ಯದ ಹಿಟ್ಟು ಕಟ್ಟಿಕೊಡುವಾಗ ಈ ಎರಡು ಮಾತನ್ನೂ ಕಟ್ಟಿಕೊಡಿ. ಟೈರಿನ ಪಕ್ಕದಲ್ಲಿ ಬೆಟ್ಟದ ಚಿತ್ರ ಇದೆಯೇ ನೋಡು. ಕಾರಿನ ವಿಮೆಯ ಕಾಗದದಲ್ಲಿ ಓಡಿಸುವವರ ಜಾಗದಲ್ಲಿ ನಿನ್ನ ಹೆಸರು ಇದೆಯೇ ನೋಡು. ಎರಡೂ ಇದ್ದರೆ, ಯಾರ ಅಪ್ಪಣೆಗೂ ಕಾಯದೆ ನಿಧಾನವಾಗಿ ಹೊರಡು.